ಬೆಂಗಳೂರು ಬಿಡುವವರಿಗೆ: ಮೈಸೂರೋ, ಧಾರವಾಡವೋ, ಶಿವಮೊಗ್ಗವೋ?

ತಿಂಗಳಿಗೆ ಒಬ್ಬರಾದರೂ ಫೋನ್ ಮಾಡಿ ಕೇಳುತ್ತಾರೆ. "ನಾವೂ ಬೆಂಗಳೂರು ಬಿಡೋಣ ಅಂತಿದ್ದೀವಿ. ಯಾವ ಊರು ಒಳ್ಳೇದು ಹೇಳಿ." ಜೊತೆಗೆ ಕೆಲಸ ಮಾಡಿದವರು, ಹಳೆಯ ಬೀದಿಯ ನೆರೆಹೊರೆಯವರು, ಅವರ ತಂಗಿ, ಅವರ ಭಾವ. ಅರ್ಧ ಗಂಟೆ ಮಾತಾಡಿದರೂ ಹೇಳಬೇಕಾದ್ದು ಪೂರ್ತಿ ಬಾಯಿಗೆ ಬರುವುದಿಲ್ಲ. ಅದಕ್ಕೇ ಕೂತು ಬರೆದಿದ್ದೇನೆ.

ನಾನು ಧಾರವಾಡದಲ್ಲಿ ಐದು ವರ್ಷ ಓದಿದವಳು. ಆಮೇಲೆ ಹನ್ನೊಂದು ವರ್ಷ ಬೆಂಗಳೂರು. ಅಲ್ಲಿಂದ ಮೈಸೂರಿಗೆ ಹೋಗಿ ಎರಡು ವರ್ಷ ಇದ್ದೆವು. ಈಗ ಶಿವಮೊಗ್ಗದಲ್ಲಿ ಮೂರನೇ ವರ್ಷ. ಬಾಡಿಗೆ ಕೊಟ್ಟು, ನೀರು ಹಿಡಿದು, ಜ್ವರ ಬಂದಾಗ ಡಾಕ್ಟರನ್ನು ಹುಡುಕಿ ನೋಡಿದ ಊರುಗಳು ಇವು. ಹಾಗಾಗಿ ಈ ಮೂರರ ಬಗ್ಗೆ ಧೈರ್ಯವಾಗಿ ಹೇಳುತ್ತೇನೆ. ಮಂಗಳೂರು, ಹಾಸನ, ತುಮಕೂರು, ದಾವಣಗೆರೆ ಬಗ್ಗೆ ಕೊನೆಗೆ ಒಂದೆರಡು ಮಾತು.

ಚಿಕ್ಕ ಊರು ಅಂದರೆ ಎಷ್ಟು ಚಿಕ್ಕದು? 2011ರ ಜನಗಣತಿಯಲ್ಲಿ ಬೆಂಗಳೂರಿನಲ್ಲಿ 84 ಲಕ್ಷ ಜನ ಇದ್ದರು. ಹುಬ್ಬಳ್ಳಿ-ಧಾರವಾಡ ಎರಡೂ ಸೇರಿ 9.4 ಲಕ್ಷ, ಮೈಸೂರು ಸುಮಾರು 9 ಲಕ್ಷ, ಶಿವಮೊಗ್ಗ 3.2 ಲಕ್ಷ. ಈಗ ಎಲ್ಲ ಕಡೆಯೂ ಜಾಸ್ತಿಯಾಗಿದೆ. ಆದರೂ ಇವು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ, ಕೆಲಸ ಮುಗಿಸಿ, ಊಟಕ್ಕೆ ಮನೆಗೆ ಬರಬಹುದಾದ ಊರುಗಳೇ.

ಹಗಲೆಲ್ಲಾ ಮನೆಯಲ್ಲಿ ಇರುವವರು ಯಾರು?

ಊರು ಆರಿಸುವ ಮೊದಲು ಈ ಒಂದು ಪ್ರಶ್ನೆ ಕೇಳಿಕೊಳ್ಳಿ. ನಾವು ಕೇಳಿಕೊಳ್ಳಲಿಲ್ಲ. ಮೈಸೂರಿಗೆ ಹೋಗುವಾಗ ನಮ್ಮ ಮನೆಯವರ ಆಫೀಸು ಮಾತ್ರ ನೋಡಿದೆವು. ವಾರಕ್ಕೆ ಎರಡು ದಿನ ಅವರು ಬೆಂಗಳೂರಿಗೆ ಹೋಗಬೇಕಿತ್ತು, ಉಳಿದ ದಿನ ಮನೆಯಿಂದಲೇ ಕೆಲಸ. ರಿಂಗ್ ರೋಡಿನಾಚೆ ಹೊಸ ಬಡಾವಣೆಯಲ್ಲಿ ದೊಡ್ಡ ಮನೆ ಸಿಕ್ಕಿತು. ಗಾಳಿ, ಬೆಳಕು, ಕಾರು ನಿಲ್ಲಿಸಲು ಜಾಗ. ಬಾಡಿಗೆ ಬೆಂಗಳೂರಿನ ಅರ್ಧ. ಇನ್ನೇನು ಬೇಕು ಅಂದುಕೊಂಡೆವು.

ನಮ್ಮ ಅತ್ತೆ ತೀರ್ಥಹಳ್ಳಿ ಕಡೆಯವರು. ಬೆಂಗಳೂರಿನಲ್ಲಿ ಅವರು ಒಂದು ದಿನವೂ ಬೇಜಾರು ಅಂದವರಲ್ಲ. ಅಲ್ಲಿ ಮನೆ ಕೆಳಗೇ ಸೊಪ್ಪಿನ ಗಾಡಿ ಬರುತ್ತಿತ್ತು. ಬೀದಿ ಕೊನೆಯಲ್ಲಿ ದೇವಸ್ಥಾನ ಇತ್ತು. ಮೈಸೂರಿನ ಆ ಬಡಾವಣೆಯಲ್ಲಿ ಅಂಗಡಿಗೆ ಒಂದೂವರೆ ಕಿಲೋಮೀಟರ್ ನಡೆಯಬೇಕು. ಸೈಟು ಮಾರಿದವರು ಬಸ್ಸು ಬರುತ್ತದೆ ಅಂತ ಎಲ್ಲರಿಗೂ ಹೇಳಿದ್ದರಂತೆ. ಬರುತ್ತಿದ್ದುದು ಬೆಳಿಗ್ಗೆ ಒಂದು, ಸಂಜೆ ಒಂದು.

ಹೋಗಿ ಆರು ತಿಂಗಳಾಗಿತ್ತು. ಒಂದು ಮಧ್ಯಾಹ್ನ ನಾನು ಬೇಗ ಮನೆಗೆ ಬಂದೆ. ಅತ್ತೆ ಗೇಟಿನ ಹತ್ತಿರ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಬಿಸಿಲು ಅವರ ಮೊಣಕಾಲಿನ ತನಕ ಬಂದಿತ್ತು. "ಇಲ್ಯಾಕೆ ಕೂತಿದ್ದೀರಿ ಅತ್ತೆ?" ಅಂದೆ. "ಯಾರಾದ್ರೂ ಓಡಾಡ್ತಾರೇನೋ ಅಂತ ನೋಡ್ತಿದ್ದೆ ಕಣೆ. ಬೆಳಿಗ್ಗೆಯಿಂದ ಗ್ಯಾಸ್ ಗಾಡಿ ಒಂದೇ ಬಂದಿದ್ದು" ಅಂದರು.

ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಕೆಲಸ ಮಾಡುವವರಿಗೆ ಆಫೀಸು ಇರುತ್ತದೆ, ಕಂಪ್ಯೂಟರ್ ಇರುತ್ತದೆ, ಫೋನಿನಲ್ಲಿ ಮಾತಾಡುವ ಹತ್ತು ಜನ ಇರುತ್ತಾರೆ. ಊರು ನಿಜವಾಗಿ ಹೊಂದಬೇಕಾದ್ದು ಹಗಲೆಲ್ಲಾ ಅಲ್ಲೇ ಇರುವವರಿಗೆ. ಅತ್ತೆ ಇರಬಹುದು, ಕೆಲಸ ಬಿಟ್ಟು ಬಂದ ಹೆಂಡತಿ ಇರಬಹುದು, ಎಂಟು ವರ್ಷದ ಮಗು ಇರಬಹುದು. ಅವರು ಯಾರ ಸಹಾಯವೂ ಇಲ್ಲದೆ, ಚಪ್ಪಲಿ ಮೆಟ್ಟಿಕೊಂಡು ಹತ್ತು ನಿಮಿಷ ನಡೆದರೆ ಏನೇನು ಸಿಗುತ್ತದೆ? ಈ ಮೂರು ಊರುಗಳನ್ನು ನಾನು ಆ ಹತ್ತು ನಿಮಿಷದಲ್ಲೇ ಅಳೆಯುತ್ತೇನೆ.

ಮೈಸೂರು

ತಪ್ಪು ಮೈಸೂರಿನದಾಗಿರಲಿಲ್ಲ, ನಾವು ಹಿಡಿದ ಬಡಾವಣೆಯದು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಈ ಊರಿನಲ್ಲಿ ಎರಡು ಮೈಸೂರು ಇವೆ. ಸರಸ್ವತಿಪುರಂ, ಜಯಲಕ್ಷ್ಮೀಪುರಂ, ಒಂಟಿಕೊಪ್ಪಲು, ಕುವೆಂಪುನಗರದಂಥ ಹಳೆಯ ಬಡಾವಣೆಗಳು ನಡೆಯುವವರಿಗಾಗಿಯೇ ಕಟ್ಟಿದ ಹಾಗಿವೆ. 1903ರಲ್ಲೇ ನಗರ ಸುಧಾರಣೆಗೆ ಟ್ರಸ್ಟ್ ಬೋರ್ಡ್ ಮಾಡಿಕೊಂಡ ಊರು ಇದು. ಅಗಲ ರಸ್ತೆ, ನೆರಳಿನ ಮರ, ಬಡಾವಣೆಗೊಂದು ಪಾರ್ಕು ತಾನಾಗಿ ಬಂದದ್ದಲ್ಲ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಿಗ್ಗೆ ಆರಕ್ಕೆ ಹೋಗಿ ನೋಡಿ. ಎಪ್ಪತ್ತು ದಾಟಿದವರು ಗುಂಪು ಗುಂಪಾಗಿ ನಡೆಯುತ್ತಿರುತ್ತಾರೆ. ನಿವೃತ್ತರಾದವರಿಗೆ ಇಷ್ಟು ಜೊತೆ ಸಿಗುವ ಊರು ನಾನು ಬೇರೆ ನೋಡಿಲ್ಲ.

ಹೊರಗಿನ ಬಡಾವಣೆಗಳ ಕಥೆ ಬೇರೆ. ಊರೊಳಗೆ ಕಾವೇರಿ ನೀರು ಬರುತ್ತದೆ, ಹೊರಗೆ ಎಷ್ಟೋ ಕಡೆ ಬೋರ್‌ವೆಲ್ಲೇ ಗತಿ. ರಾತ್ರಿ ಎಂಟಕ್ಕೆ ಆಟೋ ಸಿಗುವುದಿಲ್ಲ. ಬಾಡಿಗೆ ಕಡಿಮೆ ಅಂತ ಅಲ್ಲಿಗೆ ಹೋದರೆ ಎರಡನೇ ಗಾಡಿ ಕೊಳ್ಳಬೇಕಾಗುತ್ತದೆ. ಉಳಿಸಿದ್ದು ಅಲ್ಲಿಗೇ ಹೋಯಿತು ಅಲ್ವಾ?

ಬೆಂಗಳೂರಿಗೆ ಹೋಗಿ ಬರುವವರಿಗೆ ಮೈಸೂರಿಗೆ ಸಾಟಿ ಇಲ್ಲ. ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ, ದಿನಕ್ಕೆ ಎಷ್ಟೋ ರೈಲು. ಹೊಸ ಹೆದ್ದಾರಿ 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಮೇಲೆ ಕಾರಿನ ದಾರಿಯೂ ಹಗುರವಾಗಿದೆ. ಒಂದು ಎಚ್ಚರಿಕೆ: 2023ರ ಆಗಸ್ಟಿನಿಂದ ಅದರ ಮುಖ್ಯ ರಸ್ತೆಗೆ ಬೈಕು, ಸ್ಕೂಟರ್, ಆಟೋ ಬಿಡುವುದಿಲ್ಲ. ಅವು ಸರ್ವಿಸ್ ರಸ್ತೆಯಲ್ಲೇ ಹೋಗಬೇಕು.

ಬೆಲೆ ಮಾತ್ರ ಮೂರರಲ್ಲಿ ಇಲ್ಲೇ ಜಾಸ್ತಿ. ಬೆಂಗಳೂರಿನ ದುಡ್ಡು ಇಲ್ಲಿಗೆ ಬಂದು ಎಷ್ಟೋ ವರ್ಷವಾಯಿತು. ದಸರಾ ಹತ್ತು ದಿನ, ಮತ್ತೆ ಎಲ್ಲ ದೊಡ್ಡ ರಜೆಗಳಲ್ಲಿ, ಅರಮನೆ ಸುತ್ತಮುತ್ತ ಊರಿನವರಿಗೇ ಜಾಗ ಇರುವುದಿಲ್ಲ. ಆ ದಿನಗಳಲ್ಲಿ ದೇವರಾಜ ಮಾರುಕಟ್ಟೆ ಕಡೆ ಕೆಲಸ ಇಟ್ಟುಕೊಳ್ಳಬೇಡಿ.

ಧಾರವಾಡ

ಧಾರವಾಡದ ಬಗ್ಗೆ ನನ್ನ ಮಾತಿನಲ್ಲಿ ಪ್ರೀತಿ ಒಂದು ತೂಕ ಜಾಸ್ತಿಯೇ ಇರುತ್ತದೆ. ಇಪ್ಪತ್ತರ ವಯಸ್ಸು ಕಳೆದ ಊರು. ಆದರೂ ನೀರಿನ ವಿಷಯದಿಂದಲೇ ಶುರು ಮಾಡುತ್ತೇನೆ.

ನಾವು ನಾಲ್ಕು ಹುಡುಗಿಯರು ಸಪ್ತಾಪುರದಲ್ಲಿ ಒಂದು ಮನೆಯ ಹಿಂದಿನ ಖೋಲಿ ಹಿಡಿದಿದ್ದೆವು. ವಾರಕ್ಕೊಮ್ಮೆ, ಕೆಲವು ಸಲ ಅದಕ್ಕೂ ತಡವಾಗಿ, ನಲ್ಲಿಯಲ್ಲಿ ನೀರು. ಮಾಲಕರ ತಾಯಿ ನಸುಕಿನಲ್ಲಿ ಬಾಗಿಲು ಬಡಿಯುತ್ತಿದ್ದರು. "ಏಳ್ರೆವ್ವಾ, ನೀರು ಬಂದಾವು!" ನಿದ್ದೆಗಣ್ಣಿನಲ್ಲೇ ಕೊಡ, ಬಕೆಟ್ಟು, ಕುಕ್ಕರಿನ ಪಾತ್ರೆ ಕೂಡ ತುಂಬಿಸಿ ಸಾಲಾಗಿ ಇಡುತ್ತಿದ್ದೆವು. ಕೊನೆಗೆ ಆ ಅಜ್ಜಿ ಒಲೆಯ ಮೇಲಿನ ಚಹಾ ಸೋಸಿ ಎಲ್ಲರಿಗೂ ಕೊಡುತ್ತಿದ್ದರು. ಪರೀಕ್ಷೆ ಇದ್ದವರಿಗೆ ಮೊದಲು.

ಈಗಲೂ ಅಲ್ಲಿ ಮನೆ ನೋಡುವವರು ಮೊದಲು ಕೇಳಬೇಕಾದ್ದು ಇದನ್ನೇ. ಕೆಲವು ವಾರ್ಡುಗಳಲ್ಲಿ 2008ರ ಸುಮಾರಿನಿಂದಲೇ 24 ಗಂಟೆ ಮಲಪ್ರಭಾ ನೀರು ಬರುತ್ತಿದೆ. ಪಕ್ಕದ ಬಡಾವಣೆಯಲ್ಲಿ ದಿನ ಎಣಿಸಿಕೊಂಡು ಕಾಯುತ್ತಾರೆ. ಒಂದು ರಸ್ತೆ ಆಚೀಚೆಯಾದರೆ ಬದುಕೇ ಬೇರೆ. ನೆಲದಡಿಯ ಸಂಪು ಎಷ್ಟು ಲೀಟರಿನದು ಅಂತ ಕೇಳದೆ ಅಡ್ವಾನ್ಸ್ ಕೊಡಬೇಡಿ.

ಆ ಹತ್ತು ನಿಮಿಷದ ಲೆಕ್ಕದಲ್ಲಿ ಧಾರವಾಡ ಬಹಳ ಚೆನ್ನಾಗಿದೆ. ಮಾಳಮಡ್ಡಿಯಲ್ಲಿದ್ದರೆ ರೈಲ್ವೆ ಸ್ಟೇಷನ್ನೇ ಹತ್ತಿರ. ಲೈನ್ ಬಜಾರ್ ಕಡೆ ಇದ್ದರೆ ಪೇಡೆಯ ವಾಸನೆ ಮನೆಗೇ ಬರುತ್ತದೆ. ಬೇಂದ್ರೆಯವರ ಸಾಧನಕೇರಿ ಈಗಲೂ ಸಂಜೆ ಕೂರುವ ಜಾಗ. ಓದುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಊರು ಹುಡುಕುವುದು ಕಷ್ಟ. ಕರ್ನಾಟಕ ವಿಶ್ವವಿದ್ಯಾಲಯ ಇದೆ, 1986ರಿಂದ ಕೃಷಿ ವಿಶ್ವವಿದ್ಯಾಲಯ ಇದೆ, 2016ರಲ್ಲಿ ಐಐಟಿ ಬಂತು. 1890ರಲ್ಲಿ ಹುಟ್ಟಿದ ವಿದ್ಯಾವರ್ಧಕ ಸಂಘದಲ್ಲಿ ಇವತ್ತಿಗೂ ಸಂಜೆ ಏನಾದರೊಂದು ಕಾರ್ಯಕ್ರಮ ಇರುತ್ತದೆ, ಹೋಗಿ ಸುಮ್ನೆ ಕೂತು ಕೇಳಬಹುದು. ಬೈಠಕ್ಕಿಗೆ ನೂರು ಜನ ಸೇರಿ, ಮಧ್ಯರಾತ್ರಿ ತನಕ ಹಾಡು ಕೇಳಿ, ನಡೆದುಕೊಂಡು ಮನೆಗೆ ಹೋಗುತ್ತಿದ್ದುದನ್ನು ನಾನು ನೋಡಿದ್ದೇನೆ.

ದೊಡ್ಡ ಆಸ್ಪತ್ರೆ, ದೊಡ್ಡ ಅಂಗಡಿ, ವಿಮಾನ ಎಲ್ಲದಕ್ಕೂ ಹುಬ್ಬಳ್ಳಿ ಕಡೆ ಮುಖ ಮಾಡಬೇಕು. ನಡುವೆ ಸುಮಾರು 20 ಕಿಲೋಮೀಟರ್. 'ಚಿಗರಿ' ಬಸ್ಸು ತನ್ನದೇ ದಾರಿಯಲ್ಲಿ ಓಡುತ್ತದೆ, ಹಾಗಾಗಿ ಇದು ದೂರ ಅನಿಸುವುದಿಲ್ಲ. ಹುಬ್ಬಳ್ಳಿ ಕಡೆ ಸೈಟು ನೋಡುವವರು ನೆಲ ನೋಡಿ. ಎರೆ ಮಣ್ಣಿನ ಮೇಲೆ ಮನೆ ಕಟ್ಟಲು ಅಡಿಪಾಯಕ್ಕೇ ಜಾಸ್ತಿ ಖರ್ಚು. ಅದರಲ್ಲಿ ಉಳಿತಾಯ ಮಾಡಿದರೆ ಕೆಲವೇ ವರ್ಷದಲ್ಲಿ ಗೋಡೆ ಬಿರುಕು ಬಿಡುತ್ತದೆ.

ಬೆಂಗಳೂರು 400 ಕಿಲೋಮೀಟರಿಗಿಂತ ದೂರ. 2023ರ ಜೂನಿನಿಂದ ವಂದೇ ಭಾರತ್ ಇದೆ, ರಾತ್ರಿಗೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಇದೆ. ಆದರೂ ವರ್ಷಕ್ಕೆ ನಾಲ್ಕಾರು ಸಲ ಹೋಗುವವರಿಗೆ ಸರಿ, ವಾರ ವಾರ ಹೋಗುವವರಿಗೆ ಆಗದ ಮಾತು.

ದಕ್ಷಿಣದಿಂದ ಹೋದವರಿಗೆ ಮೊದಲ ತಿಂಗಳು ಅಲ್ಲಿನ ಮಾತು ಗಟ್ಟಿ ಅನಿಸಬಹುದು. ಅದು ಜಗಳದ ದನಿಯಲ್ಲ. "ಬರ್ರಿ, ಕೂಡ್ರಿ, ಚಾ ಕುಡದ ಹೋಗ್ರಿ" ಅಂದರೆ ನಿಜವಾಗಿಯೂ ಕುಡಿದೇ ಹೋಗಬೇಕು.

ಶಿವಮೊಗ್ಗ

ಶಿವಮೊಗ್ಗ ಅಂದ ತಕ್ಷಣ ಜನ ಆಗುಂಬೆಯನ್ನು ನೆನೆಸಿಕೊಳ್ಳುತ್ತಾರೆ. ಪಟ್ಟಣ ಇರುವುದು ಮಲೆನಾಡಿನ ಬಾಗಿಲಲ್ಲಿ, ಒಳಗಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದ್ದರೆ ಶಿವಮೊಗ್ಗ 600ಕ್ಕಿಂತ ಕೆಳಗಿದೆ. ಮಾರ್ಚ್, ಏಪ್ರಿಲ್‌ನಲ್ಲಿ ಚೆನ್ನಾಗಿಯೇ ಸುಡುತ್ತದೆ. ತಂಪಿನ ಆಸೆಗೆ ಬರುವವರು ಬೇಸಿಗೆಯಲ್ಲಿ ಒಂದು ವಾರ ಇದ್ದು ನೋಡಿ ಬನ್ನಿ.

ಮಳೆಗಾಲದ ತೊಂದರೆ ಇನ್ನೊಂದು ಥರ. ನಾವು ಮೂರು ಮಳೆಗಾಲ ಕಳೆದಿದ್ದೇವೆ. ಜುಲೈನಲ್ಲಿ ಜೀನ್ಸ್ ಪ್ಯಾಂಟ್ ಒಣಗಲು ಮೂರು ದಿನ ಬೇಕು. ಕಪಾಟಿನೊಳಗಿನ ಚರ್ಮದ ಬ್ಯಾಗಿಗೆ ಬೂಷ್ಟು ಹಿಡಿಯುತ್ತದೆ. ಗಾಳಿ ಮಳೆಗೆ ಕರೆಂಟು ಹೋದರೆ ಯಾವಾಗ ಬರುತ್ತದೆ ಹೇಳಲಾಗುವುದಿಲ್ಲ. ಮನೆಯಿಂದ ಕೆಲಸ ಮಾಡುವವರು ಯುಪಿಎಸ್ ಹಾಕಿಸಲೇಬೇಕು, ಎರಡು ಕಂಪನಿಯ ಇಂಟರ್ನೆಟ್ ಇಟ್ಟುಕೊಳ್ಳಬೇಕು.

ತುಂಗೆ ಊರೊಳಗೇ ಹರಿಯುತ್ತಾಳೆ. ಕೋರ್ಪಲಯ್ಯನ ಛತ್ರದ ಹತ್ತಿರ ಹೊಳೆಯ ನಡುವೆ ಒಂದು ಮಂಟಪ ಇದೆ. ಮಳೆ ಜೋರಾದಾಗ ಊರಿನವರು ಅದನ್ನೇ ನೋಡುತ್ತಾರೆ. ಗಾಜನೂರಿನ ಅಣೆಕಟ್ಟಿನಿಂದ ಎಷ್ಟು ನೀರು ಬಿಟ್ಟರು ಅನ್ನುವುದಕ್ಕಿಂತ "ಮಂಟಪ ಮುಳುಗಿತಾ?" ಅನ್ನುವುದೇ ಪ್ರಶ್ನೆ. 2019ರ ಆಗಸ್ಟಿನಲ್ಲಿ ಹೊಳೆ ದಂಡೆಯ ತಗ್ಗಿನ ಬೀದಿಗಳಿಗೆ ನೀರು ನುಗ್ಗಿತ್ತು. ಹೊಳೆ ಹತ್ತಿರ ಮನೆ ಸಿಕ್ಕರೆ, ಆ ವರ್ಷ ನೀರು ಎಲ್ಲಿಯ ತನಕ ಬಂದಿತ್ತು ಅಂತ ಪಕ್ಕದ ಮನೆಯವರನ್ನು ಕೇಳಿ. ಗೋಡೆಯ ಮೇಲೆ ಕೈ ಇಟ್ಟು ತೋರಿಸುತ್ತಾರೆ.

ಇಷ್ಟೆಲ್ಲ ಇದ್ದೂ ನಾವು ಇಲ್ಲಿ ಉಳಿದದ್ದು ಅತ್ತೆಯಿಂದ. ಈ ಸಲ ಮನೆ ಹುಡುಕಲು ಅವರನ್ನೇ ಮುಂದೆ ಕಳಿಸಿದೆವು. ಅವರು ರಾಜೇಂದ್ರನಗರದಲ್ಲಿ ಒಂದು ಹಳೆಯ ಹೆಂಚಿನ ಮನೆ ಒಪ್ಪಿಕೊಂಡರು. ಮೈಸೂರಿನ ಮನೆಯ ಮುಂದೆ ಇದು ಚಿಕ್ಕದು. ಆದರೆ ಹತ್ತು ನಿಮಿಷದಲ್ಲಿ ಎಲ್ಲ ಇದೆ. ತರಕಾರಿಯ ಹೆಂಗಸು ಅವರನ್ನು "ಎರಡು ದಿನ ಕಾಣ್ಲೇ ಇಲ್ಲ, ಹುಷಾರಿರ್ಲಿಲ್ವಾ ಅಮ್ಮಾ?" ಅಂತ ಕೇಳುತ್ತಾರೆ. ಮಳೆ ಶುರುವಾದ ಮೇಲೆ ಆಕೆಯ ಬುಟ್ಟಿಯ ಮೂಲೆಯಲ್ಲಿ ಕಳಲೆ, ಅಂದರೆ ಎಳೆ ಬಿದಿರಿನ ಮೊಳಕೆ, ಬರುತ್ತದೆ. ಅತ್ತೆ ಅದನ್ನು ಹೆಚ್ಚಿ, ಮೂರು ದಿನ ನೀರು ಬದಲಿಸಿ ಬದಲಿಸಿ ನೆನೆಹಾಕುತ್ತಾರೆ. ಅಡುಗೆಮನೆಯಲ್ಲಿ ಆ ಘಾಟು ವಾಸನೆ ಬಂದಾಗಲೆಲ್ಲ, ಅವರು ಮತ್ತೆ ಮನೆಯವರಾದರು ಅನಿಸುತ್ತದೆ.

ಬೆಂಗಳೂರಿಗೆ ನಸುಕಿನ ಜನಶತಾಬ್ದಿಯಲ್ಲಿ ಐದು ಗಂಟೆಯೊಳಗೆ ತಲುಪಬಹುದು. ತಾಳಗುಪ್ಪದಿಂದ ಬರುವ ರಾತ್ರಿ ರೈಲೂ ಇದೆ. ತಿಂಗಳಿಗೆ ಎರಡು ಸಲ ಹೋಗುವವರಿಗೆ ಇದು ನಡೆಯುತ್ತದೆ. ವಿಮಾನ ನಿಲ್ದಾಣ 2023ರಲ್ಲಿ ಬಂತು, ಬಹಳ ಅನುಕೂಲ. ಆದರೆ ಮಳೆಗಾಲದ ಮೋಡ ನೋಡಿದವಳಾಗಿ ಹೇಳುತ್ತೇನೆ, ವಿಮಾನ ನಂಬಿ ಊರು ಆರಿಸಬೇಡಿ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಇಲ್ಲಿ ಕೋಮು ಗಲಾಟೆಯಾಗಿ ನಿಷೇಧಾಜ್ಞೆ ಹಾಕಿದ ದಿನಗಳಿವೆ, 2022ರಲ್ಲಿ ಫೆಬ್ರವರಿಯಲ್ಲೂ ಆಗಸ್ಟಿನಲ್ಲೂ ಹಾಗಾಗಿತ್ತು. ನಮ್ಮ ಬೀದಿಯಲ್ಲಿ ಎಲ್ಲ ಜನರೂ ಚೆನ್ನಾಗಿದ್ದಾರೆ. ಆದರೂ ಚಿಕ್ಕ ಊರಿನಲ್ಲಿ ಅಂಥ ದಿನ ಬಂದರೆ ಇಡೀ ಊರೇ ಬಾಗಿಲು ಹಾಕುತ್ತದೆ. ನೆಮ್ಮದಿ ಹುಡುಕಿ ಬರುವವರಿಗೆ ಇದು ಮೊದಲೇ ಗೊತ್ತಿರಬೇಕು.

ರಾತ್ರಿ ಹನ್ನೊಂದೂವರೆಗೆ ಎದೆನೋವು ಬಂದರೆ

ಕಳೆದ ವರ್ಷ ಜುಲೈನಲ್ಲಿ ಅತ್ತೆಗೆ ರಾತ್ರಿ ಇದ್ದಕ್ಕಿದ್ದ ಹಾಗೆ ಉಸಿರು ಕಟ್ಟಿತು. ಎದುರು ಮನೆಯ ಹುಡುಗ ಆಟೋ ಓಡಿಸುತ್ತಾನೆ. ಕೂಗಿದ್ದೇ ತಡ, ಲುಂಗಿಯಲ್ಲೇ ಬಂದ. ಎಂಟು ನಿಮಿಷಕ್ಕೆ ಆಸ್ಪತ್ರೆಯಲ್ಲಿದ್ದೆವು. ಮೊದಲು ಹೋದ ಕಡೆ ತಜ್ಞರು ಬೆಳಿಗ್ಗೆಯೇ ಬರುವುದು ಅಂದರು. ಎರಡನೇ ಕಡೆ ಇದ್ದರು. ದೇವರ ದಯೆ, ದೊಡ್ಡದೇನೂ ಆಗಿರಲಿಲ್ಲ.

ಆ ರಾತ್ರಿ ಕಲಿತದ್ದು ಇಷ್ಟು: ಚಿಕ್ಕ ಊರಿನಲ್ಲಿ ಆಸ್ಪತ್ರೆಗೆ ಬೇಗ ಮುಟ್ಟುತ್ತೀರಿ, ತಜ್ಞರು ಸಿಗುತ್ತಾರೋ ಇಲ್ಲವೋ ಅದು ಬೇರೆ ಪ್ರಶ್ನೆ. ಶಿವಮೊಗ್ಗದಲ್ಲಿ ಮೆಗ್ಗಾನ್ ಬೋಧನಾ ಆಸ್ಪತ್ರೆ ಇದೆ, ದುರ್ಗಿಗುಡಿ ಸುತ್ತ ಖಾಸಗಿ ಡಾಕ್ಟರುಗಳು ಇದ್ದಾರೆ. ಕಾಯಿಲೆ ಕಷ್ಟದ್ದಾದರೆ ಜನ ಮಣಿಪಾಲಕ್ಕೆ ಹೊರಡುತ್ತಾರೆ, ಮಳೆಗಾಲದಲ್ಲಿ ಘಾಟಿ ಇಳಿದು. ಮೈಸೂರಿನಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆಯೇ ಇದೆ, ಕೆ.ಆರ್. ಆಸ್ಪತ್ರೆ ಇದೆ, ಜೆಎಸ್‌ಎಸ್ ಇದೆ. ಧಾರವಾಡದವರಿಗೆ ಸತ್ತೂರಿನ ಎಸ್‌ಡಿಎಂ ಮತ್ತು ಹುಬ್ಬಳ್ಳಿಯ ದೊಡ್ಡ ಸರ್ಕಾರಿ ಆಸ್ಪತ್ರೆ. ಮನೆಯಲ್ಲಿ ಹೃದಯದ ಕಾಯಿಲೆಯೋ ಡಯಾಲಿಸಿಸ್ಸೋ ಇದ್ದರೆ ನಾನು ಕಣ್ಣು ಮುಚ್ಚಿ ಮೈಸೂರು ಅನ್ನುತ್ತೇನೆ. ಉಳಿದ ಲೆಕ್ಕ ಎಲ್ಲ ಆಮೇಲೆ.

ಬಾಡಿಗೆಗೆ ಹೋಗುವಾಗ

"ನಿಮ್ದು ಯಾವ ಜನ?" ಮೂರೂ ಊರಿನಲ್ಲಿ ನಮ್ಮನ್ನು ಈ ಪ್ರಶ್ನೆ ಕೇಳಿದ್ದಾರೆ. ನೇರವಾಗಿ ಕೇಳದವರು "ಅಡುಗೆ ಏನೇನು ಮಾಡ್ತೀರಿ?" ಅನ್ನುತ್ತಾರೆ. ಮದುವೆಯಾಗದ ನನ್ನ ಗೆಳತಿಗೆ ಒಳ್ಳೆಯ ಸಂಬಳ ಇದ್ದೂ ಎರಡು ತಿಂಗಳು ಮನೆ ಸಿಗಲಿಲ್ಲ. ಬೆಂಗಳೂರಿನಲ್ಲೂ ಇದು ಇದೆ, ಆದರೆ ಅಲ್ಲಿ ಹತ್ತು ಮನೆ ಬಿಟ್ಟರೆ ಹನ್ನೊಂದನೆಯದು ಸಿಗುತ್ತದೆ. ಇಲ್ಲಿ ಇರುವುದೇ ಹತ್ತು. ನನಗೆ ಇದು ಬಹಳ ನೋವಿನ ವಿಷಯ. ಒಂಟಿಯಾಗಿ ಬರುವವರು ಪರಿಚಯದವರ ಮೂಲಕ ಮನೆ ಹುಡುಕಿ, ಬ್ರೋಕರನ್ನು ಮಾತ್ರ ನಂಬಿಕೊಂಡು ಕೆಲಸ ಬಿಡಬೇಡಿ.

ಬಂದ ವರ್ಷವೇ ಸೈಟು ಕೊಳ್ಳಬೇಡಿ. ಒಂದು ಬೇಸಿಗೆ, ಒಂದು ಮಳೆಗಾಲ ಬಾಡಿಗೆ ಮನೆಯಲ್ಲಿ ಕಳೆಯಿರಿ. ಊರ ಹೊರಗೆ ಕಡಿಮೆ ಬೆಲೆಗೆ ತೋರಿಸುವ ಜಾಗ ಎಷ್ಟೋ ಸಲ ರೆವಿನ್ಯೂ ಸೈಟು, ಅಂದರೆ ಅನುಮತಿ ಇಲ್ಲದೆ ಹೊಲವನ್ನೇ ತುಂಡು ಮಾಡಿ ಮಾರುವ ಜಾಗ, ಆಗಿರುತ್ತದೆ. ಭೂಪರಿವರ್ತನೆ ಆಗಿದೆಯಾ, ಖಾತೆ ಯಾರ ಹೆಸರಲ್ಲಿದೆ, ಇಸಿಯಲ್ಲಿ (ಋಣಭಾರ ಪ್ರಮಾಣಪತ್ರದಲ್ಲಿ) ಸಾಲ ಇದೆಯಾ ಅಂತ ನಿಮ್ಮದೇ ವಕೀಲರಿಂದ ನೋಡಿಸಿ. ಮಾರುವವರು ಕರೆತಂದ ವಕೀಲರು ಬೇಡ.

ಉಳಿದ ಊರುಗಳು

ಮಂಗಳೂರು: ಆಸ್ಪತ್ರೆ, ಕಾಲೇಜು, ಸಿಟಿ ಬಸ್ಸು, ಮೀನು ಎಲ್ಲದರಲ್ಲೂ ಮೇಲು. ಸೆಕೆ ತಡೆಯುವ ಮೈ ಬೇಕು. ಮಳೆಗಾಲದಲ್ಲಿ ಶಿರಾಡಿ ಘಾಟಿ ಕುಸಿದರೆ ಬೆಂಗಳೂರಿನ ದಾರಿ ಕಟ್ಟುತ್ತದೆ. ತುಳು ಬರದಿದ್ದರೂ ಬದುಕಬಹುದು, ಕಲಿತರೆ ಬೇಗ ನಂಟು ಬೆಳೆಯುತ್ತದೆ.

ಹಾಸನ: ಹವೆ ಚೆಂದ, ಖರ್ಚು ಕಡಿಮೆ, ಕೆಲಸದ ಅವಕಾಶವೂ ಕಡಿಮೆ. ತುಮಕೂರು: 70 ಕಿಲೋಮೀಟರ್ ಅಷ್ಟೇ, ದಿನಾ ಓಡಾಡುವವರಿಗೆ ಒಳ್ಳೆಯದು, ಆದರೆ ಬೆಂಗಳೂರಿನ ಅವಸರವೂ ಅರ್ಧ ಜೊತೆಗೇ ಬರುತ್ತದೆ. ದಾವಣಗೆರೆಯಲ್ಲಿ ಮೆಡಿಕಲ್, ಇಂಜಿನಿಯರಿಂಗ್ ಕಾಲೇಜುಗಳಿವೆ, ಊರು ರಾಜ್ಯದ ನಡುಮಧ್ಯೆ ಇದೆ. ಬೇಸಿಗೆ ಮಾತ್ರ ಬಿರುಸು.

ನೋಡಲು ಹೋಗುವಾಗ

ಶನಿವಾರ ಹೋಗಿ ಭಾನುವಾರ ಬರಬೇಡಿ. ಮಂಗಳವಾರವೋ ಬುಧವಾರವೋ ಹೋಗಿ. ಹಗಲೆಲ್ಲಾ ಮನೆಯಲ್ಲಿ ಇರುವವರನ್ನು ಕರೆದುಕೊಂಡು ಹೋಗಿ. ಮನೆ ತೋರಿಸುವವರು ಹೋದ ಮೇಲೆ ಅದೇ ಬೀದಿಯಲ್ಲಿ ಅವರ ಜೊತೆ ಒಂದು ಸುತ್ತು ನಡೆಯಿರಿ, ಅವರ ಹೆಜ್ಜೆಗೆ ಹೆಜ್ಜೆ ಹಾಕಿ. ಹತ್ತು ನಿಮಿಷಕ್ಕೆ ಎಲ್ಲಿ ಮುಟ್ಟಿದಿರಿ ನೋಡಿ. ಹಾಲಿನ ಅಂಗಡಿಯವರನ್ನು ಕೇಳಿ: ನೀರು ಯಾವ ದಿನ ಬಿಡುತ್ತಾರೆ, ರಾತ್ರಿ ಆಟೋ ಸಿಗುತ್ತದಾ, ಹತ್ತಿರದ ಡಾಕ್ಟರು ಎಷ್ಟು ಗಂಟೆ ತನಕ ಇರುತ್ತಾರೆ, ಈ ಮನೆಯಲ್ಲಿ ಇದ್ದವರು ಯಾಕೆ ಬಿಟ್ಟು ಹೋದರು. ಕೊನೆಯ ಪ್ರಶ್ನೆಗೆ ಅವರು ತಡೆದು ತಡೆದು ಉತ್ತರ ಕೊಟ್ಟರೆ, ಅರ್ಧ ಲೀಟರ್ ಹಾಲು ತೆಗೆದುಕೊಂಡು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಲ್ಲಿ.